ಹತ್ತೊಂಬತ್ತನೆಯ ಪತ್ರ

ವೇದಿಕೆಯ ನಡುವಿನ ಕುರ್ಚಿಯಲ್ಲಿ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಅಧ್ಯಕ್ಷರೇ, ನಮ್ಮ ಆಸ್ಪತ್ರೆಯ ನಿರ್ದೇಶಕರೇ. ನಿವೃತ್ತರಾಗಿ ಆರು ವರ್ಷವಾದರೂ ಕರೆದ ಕೂಡಲೇ ಬಂದಿರುವ ಮುಖ್ಯ ಅತಿಥಿಗಳೇ, ನಮ್ಮ ಹಿಂದಿನ ಆಡಳಿತಾಧಿಕಾರಿಗಳೇ. ಲ್ಯಾಬಿನಿಂದ, ವಾರ್ಡುಗಳಿಂದ, ಔಷಧ ಉಗ್ರಾಣದಿಂದ ಅರ್ಧ ಗಂಟೆಯ ಅನುಮತಿ ಪಡೆದು ಬಂದು ಮುಕ್ಕಾಲು ಗಂಟೆಯಿಂದ ಕುಳಿತಿರುವ ಸಹೋದ್ಯೋಗಿಗಳೇ. ಎರಡನೆಯ ಸಾಲಿನಲ್ಲಿರುವ ನನ್ನ ಅತ್ತೆಯವರೇ ಮತ್ತು ಮಗಳೇ. ಕೊಟ್ಟ ಹೂಗುಚ್ಛವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕುಳಿತಿರುವ, ನನ್ನ ವಿಭಾಗದ ಹಿರಿಯ ಡೇಟಾಬೇಸ್ ಅಧಿಕಾರಿಗಳೇ. ಹಾಗೂ ಎಲ್ಲ ಸಭಿಕರೇ.

ವಿಭಾಗದ ಮುಖ್ಯಸ್ಥೆಯಾಗಿ ಈವರೆಗೆ ಹದಿನಾಲ್ಕು ಮಂದಿಯನ್ನು ಬೀಳ್ಕೊಟ್ಟಿದ್ದೇನೆ. ಅವರ ಬಗ್ಗೆ ಏನು ಹೇಳಬೇಕೆಂದು ಕಡತ ನೋಡಿ, ನಾಲ್ಕು ಜನರನ್ನು ಕೇಳಿ ಬರೆದುಕೊಂಡು ಬರುತ್ತಿದ್ದೆ. ಇವತ್ತು ಬೀಳ್ಕೊಡಬೇಕಾದವರ ಸ್ಕೂಟರಿನ ಹಿಂದೆ ಕುಳಿತೇ ಬೆಳಿಗ್ಗೆ ಕೆಲಸಕ್ಕೆ ಬಂದೆ. ಸಂಜೆ ಅದೇ ಸ್ಕೂಟರಿನಲ್ಲಿ ಹೋಗುತ್ತೇನೆ. ಇದನ್ನು ಬೀಳ್ಕೊಡುಗೆ ಅನ್ನಬಹುದೇ? ನೀವೇ ಹೇಳಿ.

ಹೌದು, ಗೊತ್ತಿಲ್ಲದ ಹೊಸಬರಿಗಾಗಿ ಹೇಳುತ್ತೇನೆ. ಈ ಅಧಿಕಾರಿಗಳು ನನ್ನ ಗಂಡ. ಮೂವತ್ತೊಂದು ವರ್ಷದಿಂದ ಗಂಡ, ಹನ್ನೊಂದು ವರ್ಷದಿಂದ ಕೈಕೆಳಗಿನ ನೌಕರ. ಎರಡನ್ನೂ ಅವರು ಒಂದೇ ಶ್ರದ್ಧೆಯಿಂದ ನಿಭಾಯಿಸಿದ್ದಾರೆ. ಒಮ್ಮೆ ನನಗೆ ಜ್ವರ ಬಂದು ಮನೆಯಲ್ಲಿ ಮಲಗಿದ್ದೆ. ಹಾಸಿಗೆಯ ಪಕ್ಕ ಗಂಜಿಯ ಬಟ್ಟಲಿಟ್ಟರು, ಮಾತ್ರೆ ಇಟ್ಟರು, ಅದರ ಪಕ್ಕ ಒಂದು ಕಾಗದ ಇಟ್ಟರು. ಓದಿದರೆ, 'ಮಾನ್ಯರೇ, ನನ್ನ ಪತ್ನಿಯವರು ಅಸ್ವಸ್ಥರಾಗಿರುವುದರಿಂದ ಅವರ ಆರೈಕೆಗಾಗಿ ಒಂದು ದಿನದ ರಜೆ ಮಂಜೂರು ಮಾಡಬೇಕೆಂದು ವಿನಂತಿ.' ನಾನು ಮಲಗಿದ್ದಲ್ಲೇ ಮಂಜೂರು ಮಾಡಿದೆ. ಮಾಡದಿದ್ದರೆ ನನ್ನ ಗತಿಯೇನು?

ಇವರನ್ನು ನೀವೆಲ್ಲ ಪತ್ರದಣ್ಣ ಅಂತ ಕರೆಯುತ್ತೀರಿ. ಅವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೀರಿ. ಗೊತ್ತಿದೆ. ಬಾಯಿಮಾತಿನಲ್ಲಿ ಇವರಿಂದ ಏನನ್ನೂ ಪಡೆಯಲು ಸಾಧ್ಯವಿಲ್ಲ. ಒಂದು ಪಾಸ್‌ವರ್ಡ್ ಬದಲಿಸಬೇಕಾದರೂ ಪತ್ರ ಬೇಕು, ಪತ್ರಕ್ಕೆ ಸಹಿ ಬೇಕು, ಸಹಿಯ ಕೆಳಗೆ ತಾರೀಖು ಬೇಕು. ಅಂಥವರ ಸೇವಾ ಕಡತ ಇಷ್ಟು ದಪ್ಪ ಇರುವುದರಲ್ಲಿ ಆಶ್ಚರ್ಯವಿಲ್ಲ. ನೋಡಿ, ತಂದಿದ್ದೇನೆ. ಈ ಕಡತ ಇವತ್ತು ಸಂಜೆ ಐದೂವರೆಗೆ ಮುಚ್ಚುತ್ತದೆ. ಮುಚ್ಚಿದ ಮೇಲೆ ಅದಕ್ಕೆ ಒಂದು ಹಾಳೆಯನ್ನೂ ಸೇರಿಸುವಂತಿಲ್ಲ. ಸೇರಿಸಬೇಕಾದ ಒಂದು ಹಾಳೆ ಬಾಕಿ ಇದೆ. ಅದನ್ನು ನಿನ್ನೆ ನಾನೇ ಬರೆದೆ. ಅದಕ್ಕೆ ಇವರ ಸಹಿ ಬೇಕು. ಅದು ಏನೆಂದು ಇವರಿಗೂ ಗೊತ್ತಿಲ್ಲ, ಆದ್ದರಿಂದ ಈಗ ನನ್ನ ಕಡೆ ಹುಬ್ಬೇರಿಸಿ ನೋಡುತ್ತಿದ್ದಾರೆ. ಹೇಳುತ್ತೇನೆ. ಅದಕ್ಕೆ ಮೊದಲು ಹನ್ನೊಂದು ವರ್ಷ ಹಿಂದಕ್ಕೆ ಹೋಗಬೇಕು.

ನಮ್ಮ ಆಸ್ಪತ್ರೆಯ ಎರಡು ಕಟ್ಟಡಗಳ ನಡುವೆ ಒಂದು ರಸ್ತೆ ಇದೆಯಲ್ಲ, ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ಯಂತ್ರಕೋಣೆ. ಅದು ನನ್ನದು. ರಸ್ತೆಯಾಚೆ ಹೊಸ ಕಟ್ಟಡದ ಮೂರನೆಯ ಮಹಡಿಯಲ್ಲಿ ಡೇಟಾಬೇಸ್ ವಿಭಾಗ. ಅದು ಇವರದು. ನನ್ನ ಕೋಣೆಯಲ್ಲಿ ಆಗ ಕಬ್ಬಿಣದ ಯಂತ್ರಗಳು ಇದ್ದದ್ದು ಹನ್ನೆರಡೇ. ಆದರೆ ಅವುಗಳೊಳಗೆ ನೂರ ನಲವತ್ತು ವರ್ಚುವಲ್ ಯಂತ್ರಗಳು ವಾಸ ಮಾಡುತ್ತಿದ್ದವು. ಲ್ಯಾಬಿನದು ಒಂದು, ಔಷಧದ್ದು ಒಂದು, ಎಕ್ಸ್‌ರೇಯದ್ದು ಎರಡು, ಹೀಗೆ. ಮೈಯಿಲ್ಲ, ಕೆಲಸ ಮಾತ್ರ ಉಂಟು. ಹನ್ನೆರಡು ಮನೆಗಳಲ್ಲಿ ನೂರ ನಲವತ್ತು ಬಾಡಿಗೆದಾರರು ಅಂದುಕೊಳ್ಳಿ. ಯಾರು ಯಾವ ಮನೆಯಲ್ಲಿದ್ದಾರೆ, ಯಾರಿಗೆ ಜಾಗ ಸಾಲದು, ಯಾರನ್ನು ಎಲ್ಲಿಗೆ ಕಳಿಸಬೇಕು ಎಂದು ನೋಡಿಕೊಳ್ಳಲು ಒಂದು ಮೇಲ್ವಿಚಾರಣೆಯ ಸಾಫ್ಟ್‌ವೇರ್ ಇತ್ತು. ಒಂದು ಮನೆ ಹಾಳಾಗುವಂತಿದ್ದರೆ ಅಲ್ಲಿದ್ದವರನ್ನು ಮಲಗಿದ್ದಂತೆಯೇ ಎತ್ತಿ ಇನ್ನೊಂದು ಮನೆಗೆ ಸೇರಿಸುತ್ತಿತ್ತು. ಅವರಿಗೆ ಎಚ್ಚರವೂ ಆಗುತ್ತಿರಲಿಲ್ಲ.

ಇಂಥ ಜಾಣ ಸಾಫ್ಟ್‌ವೇರಿಗೆ ಒಂದು ಕೊರತೆ ಇತ್ತು. ಅದಕ್ಕೆ ಸ್ವಂತ ನೆನಪಿರಲಿಲ್ಲ. ಅದರ ನೆನಪೆಲ್ಲ ರಸ್ತೆಯಾಚೆಯ ಡೇಟಾಬೇಸಿನಲ್ಲಿ. ಸಾಫ್ಟ್‌ವೇರ್ ನನ್ನ ಹತ್ತಿರ, ಅದರ ನೆನಪು ನನ್ನ ಗಂಡನ ಹತ್ತಿರ. ಮದುವೆಯಾದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಮನೆಯಲ್ಲಿ ಒಂದು ಕಾನೂನಿದೆ. ಮಗಳು ಚಿಕ್ಕವಳಿದ್ದಾಗ ನಾವಿಬ್ಬರೂ ಊಟಕ್ಕೆ ಕುಳಿತರೆ ಸರ್ವರ್, ಡೇಟಾಬೇಸ್, ಯಾರದು ತಪ್ಪು, ಯಾರದು ಸರಿ. ದನಿ ಏರುತ್ತಿತ್ತು. ಒಂದು ದಿನ ಮಗಳು ತಟ್ಟೆ ಎತ್ತಿಕೊಂಡು ಅಜ್ಜಿಯ ಕೋಣೆಗೆ ಹೋಗಿ ಕುಳಿತಳು. ಅವತ್ತು ಅತ್ತೆ ಹೊರಬಂದು ಹೇಳಿದರು: "ಚಪ್ಪಲಿ ಬಿಡೋ ಕಡೇನೇ ಆಫೀಸನ್ನೂ ಬಿಟ್ಟು ಒಳಗೆ ಬನ್ನಿ. ಬಿಡೋಕಾಗದಿದ್ರೆ ಹೊರಗೇ ಊಟ ಮಾಡಿ." ಅಂದಿನಿಂದ ಮನೆಯೊಳಗೆ ಆಫೀಸಿನ ಮಾತಿಲ್ಲ. ನಾನಾದರೂ ಆಗಾಗ ನಾಲಿಗೆ ಜಾರಿಸಿಕೊಂಡಿದ್ದೇನೆ. ಇವರು ಜಾರಿಸಿಕೊಂಡದ್ದಿಲ್ಲ. ಒಂದು ಕಾನೂನು ಸಿಕ್ಕಿದರೆ ಇವರಿಗೆ ಹಬ್ಬದೂಟ ಸಿಕ್ಕಿದ ಹಾಗೆ.

ಹನ್ನೊಂದು ವರ್ಷದ ಹಿಂದೆ ಆ ಮೇಲ್ವಿಚಾರಣೆಯ ಸಾಫ್ಟ್‌ವೇರನ್ನು ಅಪ್‌ಗ್ರೇಡ್ ಮಾಡಬೇಕಾಗಿ ಬಂತು. ಹಳೆಯ ಆವೃತ್ತಿಗೆ ಬೆಂಬಲ ನಿಂತುಹೋಗುವುದಿತ್ತು. ಹೊಸ ಆವೃತ್ತಿ ಬಂದರೆ ಮೊದಲು ಮಾಡುವ ಕೆಲಸ ಹಳೆಯ ನೆನಪನ್ನೆಲ್ಲ ಹೊಸ ಕ್ರಮದಲ್ಲಿ ತಿರುಗಿ ಬರೆಯುವುದು. ಒಮ್ಮೆ ಬರೆಯಿತೆಂದರೆ ಹಿಂದಕ್ಕೆ ಬರುವ ದಾರಿಯಿಲ್ಲ. ಹಾಗಾಗಿ ಮೊದಲೇ ಬ್ಯಾಕಪ್ ತೆಗೆದಿಡಬೇಕು. ತಿರುಗಿ ಬರೆಯುವಷ್ಟು ಹೊತ್ತು ಆ ಡೇಟಾಬೇಸಿನ ಪೂರ್ಣ ಹಕ್ಕನ್ನು ನನಗೆ ಬಿಟ್ಟುಕೊಡಬೇಕು. ಯಾರು ಬಿಟ್ಟುಕೊಡಬೇಕು? ಇವರು.

ಅದೇ ತಿಂಗಳ ಕೊನೆಗೆ, ಯಂತ್ರಕೋಣೆ, ಡೇಟಾಬೇಸ್ ಎರಡನ್ನೂ ನೋಡಿಕೊಳ್ಳುವ ಇಡೀ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾಗುವುದಿತ್ತು. ಆ ಕುರ್ಚಿಗೆ ಅರ್ಹರು ಇಬ್ಬರೇ. ನಾವಿಬ್ಬರೇ. ಮನೆಯಲ್ಲಿ ಮಾತಾಡುವಂತಿಲ್ಲ, ಆದ್ದರಿಂದ ಮಾತಾಡಲಿಲ್ಲ.

ಇವರಿಂದ ಪತ್ರಗಳು ಬರತೊಡಗಿದವು. ಒಂದನೆಯ ಪತ್ರ, ಎರಡನೆಯ ಪತ್ರ. ಹೊಸ ಆವೃತ್ತಿ ನಮ್ಮ ಡೇಟಾಬೇಸಿನ ಆವೃತ್ತಿಯನ್ನು ಒಪ್ಪುತ್ತದೆಯೇ ಪರಿಶೀಲಿಸಿ ಎಂದು ಮೂರನೆಯದು. ಎರಡು ಕಟ್ಟಡಗಳ ಯಂತ್ರಗಳ ಗಡಿಯಾರಗಳು ಒಂದೇ ಸಮಯ ತೋರಿಸುತ್ತಿವೆಯೇ ಎಂದು ಏಳನೆಯದು. ಪೂರ್ಣ ಹಕ್ಕನ್ನು ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಮಾತ್ರ ಕೊಡಲಾಗಿದೆ, ನಂತರ ತಾನಾಗಿಯೇ ರದ್ದಾಗುತ್ತದೆ ಎಂದು ಗುರುವಾರ ಬಂದ ಹದಿನಾರನೆಯದು. ಹದಿನೆಂಟು ಪತ್ರಗಳಾದವು, ಸಭಿಕರೇ, ಒಂದು ಅಪ್‌ಗ್ರೇಡಿಗೆ. ನಮ್ಮ ಮದುವೆಗೆ ಮೊದಲು ಇವರು ನನಗೆ ಬರೆದದ್ದು ಎರಡೇ ಪತ್ರ.

ಶುಕ್ರವಾರ ಮಧ್ಯಾಹ್ನ ನಾನು ಅರ್ಧ ದಿನ ರಜೆ ಹಾಕಿ ಮಗಳ ಕಾಲೇಜಿಗೆ ಹೋಗಿದ್ದೆ. ಅವತ್ತು ಡೇಟಾಬೇಸ್ ಇದ್ದ ಯಂತ್ರದ ಡಿಸ್ಕ್ ಒಂದು ನರಳಲು ಶುರುಮಾಡಿತಂತೆ. ಅಪ್‌ಗ್ರೇಡಿನ ನಡುವೆ ಅದು ಕೈಕೊಟ್ಟರೆ ನನ್ನ ಗತಿ ಏನು ಎಂದು ಇವರು ಬ್ಯಾಕಪ್ ತೆಗೆದು, ಅದನ್ನೇ ಒಂದು ಹೊಸ ಯಂತ್ರಕ್ಕೆ ಸಾಗಿಸಿ, ಹೊಸ ವಿಳಾಸ ಕೊಟ್ಟು ಕೂರಿಸಿದರು. ಆಮೇಲೆ ಪತ್ರ ಬರೆದರು. 'ಇನ್ನು ಮುಂದೆ ಹೊಸ ವಿಳಾಸ ಬಳಸತಕ್ಕದ್ದು. ಹಳೆಯ ಪ್ರತಿಯನ್ನು ಮುನ್ನೆಚ್ಚರಿಕೆಗಾಗಿ ಸೋಮವಾರ ಬೆಳಿಗ್ಗೆ ಒಂಬತ್ತರವರೆಗೆ ಇಟ್ಟು, ಅನಂತರ ಅಳಿಸಲಾಗುವುದು. ಆಕ್ಷೇಪಣೆ ಇದ್ದಲ್ಲಿ ಅದಕ್ಕೆ ಮೊದಲು ತಿಳಿಸತಕ್ಕದ್ದು.' ಕಂದು ಲಕೋಟೆಗೆ ಹಾಕಿ, ರಸ್ತೆ ದಾಟಿ, ನನ್ನ ಮೇಜಿನ ಮೇಲಿನ ಟ್ರೇಯಲ್ಲಿ ಇಟ್ಟು ಹೋದರು. ಅದು ಹತ್ತೊಂಬತ್ತನೆಯದು.

ಶನಿವಾರ ನಮಗಿಬ್ಬರಿಗೂ ರಜೆ. ಇಡೀ ದಿನ ಮನೆಯಲ್ಲಿದ್ದೆವು. ಸಂಜೆ ಎದುರುಬದುರು ಕುಳಿತು ಬಟ್ಟೆ ಮಡಿಸಿದೆವು. ನೆನಪಿದೆ, ಇವರು ಒಂದು ಟವೆಲನ್ನು ಮೂರು ಸಲ ಬಿಚ್ಚಿ ಮಡಿಸಿದರು. "ನಾಳೆ ನೀನು..." ಅಂದರು. ಮೂಲೆಯ ಕುರ್ಚಿಯಿಂದ ಅತ್ತೆ ಕೇಳಿದರು: "ಆಫೀಸಾ?" ಇವರು "ಏನಿಲ್ಲಮ್ಮ" ಅಂದು ಇನ್ನೊಂದು ಟವೆಲ್ ಎತ್ತಿಕೊಂಡರು. ಪತ್ರ ಹೇಗೂ ಟ್ರೇಯಲ್ಲಿದೆ, ಕಾನೂನು ಯಾಕೆ ಮುರಿಯಬೇಕು ಅಂತ. ಲೋಕದಲ್ಲಿ ಬೇರೆ ಯಾವ ಗಂಡ ಹೆಂಡತಿಯಾದರೂ ಇಂಥ ತಪ್ಪು ಮಾಡಿಯಾರೇ? ಅಕ್ಕಪಕ್ಕದ ಮನೆಯವರಾಗಿದ್ದರೂ ಬೇಲಿಯ ಮೇಲಿಂದ ಕೂಗಿ ಹೇಳುತ್ತಿದ್ದರು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಯಂತ್ರಕೋಣೆಯಲ್ಲಿ ಕುಳಿತು ಅಪ್‌ಗ್ರೇಡ್ ಆರಂಭಿಸಿದೆ. ಹಳೆಯ ವಿಳಾಸಕ್ಕೇ. ಅಲ್ಲಿ ಹಳೆಯ ಪ್ರತಿ ಇನ್ನೂ ಇತ್ತು, ಹಕ್ಕೂ ಇತ್ತು, ನರಳುವ ಡಿಸ್ಕು ಅವತ್ತು ಮಾತ್ರ ಸುಮ್ಮನಿತ್ತು. ಮೂರು ಗಂಟೆಯಲ್ಲಿ ಕೆಲಸ ಮುಗಿಯಿತು. ಒಂದು ತಕರಾರಿಲ್ಲ. ಹಿಗ್ಗಿ ಹೀರೆಕಾಯಿಯಾಗಿ ಮನೆಗೆ ಬಂದೆ. ನನ್ನ ಮುಖ ನೋಡಿ ಇವರು ಎಲ್ಲ ಸರಿಹೋಯಿತು ಎಂದು ತಿಳಿದರು. ಕೇಳಲಿಲ್ಲ. ನಾನೂ ಹೇಳಲಿಲ್ಲ. ಇಬ್ಬರೂ ಸಂತೋಷವಾಗಿ ಸಂಜೆ ವಾಕಿಂಗ್ ಹೋಗಿ ಬಂದೆವು.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ನನ್ನ ಹನ್ನೆರಡು ಯಂತ್ರಗಳಲ್ಲಿ ಏಳನೆಯದು ಬಿಸಿಯಾಗತೊಡಗಿತು. ಒಳಗಿನ ಫ್ಯಾನು ಕೆಟ್ಟಿತ್ತು. ಆತಂಕವೇನಿರಲಿಲ್ಲ. ಅದರೊಳಗಿದ್ದವರನ್ನು ಬೇರೆ ಯಂತ್ರಕ್ಕೆ ಕಳಿಸಿ, ಅದನ್ನು ಆರಿಸಿ, ರಿಪೇರಿಗೆ ಕೊಟ್ಟರಾಯಿತು ಎಂದು ಕಾಫಿ ಕುಡಿದು ಬಂದು ಕುಳಿತೆ. ಒಂಬತ್ತಾಯಿತು. ರಸ್ತೆಯಾಚೆ ಇವರು, ಯಾವ ಆಕ್ಷೇಪಣೆಯೂ ಬಂದಿಲ್ಲವೆಂದು ಖಚಿತಪಡಿಸಿಕೊಂಡು, ಹಳೆಯ ಪ್ರತಿಯನ್ನು ಅಳಿಸಿದರು. ಒಂಬತ್ತು ಗಂಟೆ ಒಂದು ನಿಮಿಷಕ್ಕೆ ನನ್ನ ಪರದೆ ಸತ್ತುಹೋಯಿತು.

ಫೋನ್ ಎತ್ತಿದೆ. ಆಫೀಸಿನಲ್ಲಿ ನಾವು ಬಹುವಚನ.

"ಡೇಟಾಬೇಸ್ ಕಾಣ್ತಿಲ್ಲ," ಅಂದೆ.

"ಇದೆಯಲ್ಲ. ಹೊಸ ವಿಳಾಸದಲ್ಲಿದೆ. ಪತ್ರ ಕೊಟ್ಟಿದ್ದೀನಿ."

"ನಾನು ನಿನ್ನೆ ಹಳೇದಕ್ಕೇ ಮಾಡಿದೆ."

ಇವರು ಫೋನ್ ಇಟ್ಟುಬಿಟ್ಟರು. ಭಾನುವಾರ ನಾನು ತಿರುಗಿ ಬರೆಸಿದ ನೆನಪೆಲ್ಲ ಅಳಿದುಹೋಗಿತ್ತು. ಉಳಿದದ್ದು ಶುಕ್ರವಾರದ ಪ್ರತಿ, ಅದು ಹಳೆಯ ಕ್ರಮದಲ್ಲಿತ್ತು, ಅದನ್ನು ಹೊಸ ಸಾಫ್ಟ್‌ವೇರ್ ಓದಲಾರದು.

ಇಲ್ಲೊಂದು ವಿಚಿತ್ರ ನೋಡಿ. ಮೇಲ್ವಿಚಾರಕ ಮೂರ್ಛೆ ಹೋದರೂ ನೂರ ನಲವತ್ತು ಯಂತ್ರಗಳಲ್ಲಿ ಒಂದೂ ನಿಲ್ಲಲಿಲ್ಲ. ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು. ಮೇಲ್ವಿಚಾರಕರಿಲ್ಲದಿದ್ದರೂ ಕೆಲಸ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ನಿರ್ದೇಶಕರು ನಗಬಾರದು, ಇದು ನನ್ನನ್ನು ಕುರಿತು ಹೇಳಿದ್ದು. ಆದರೆ ಅವನ್ನು ಇದ್ದ ಜಾಗದಿಂದ ಕದಲಿಸುವ ಹಾಗಿರಲಿಲ್ಲ. ಬಿಸಿಯೇರುತ್ತಿದ್ದ ಏಳನೆಯ ಯಂತ್ರದೊಳಗೆ ಇದ್ದದ್ದು ಲ್ಯಾಬು. ಅವತ್ತು ಬೆಳಿಗ್ಗೆ ಆರು ಶಸ್ತ್ರಚಿಕಿತ್ಸೆಗಳಿದ್ದವು, ಆರಕ್ಕೂ ರಕ್ತದ ವರದಿ ಅಲ್ಲಿಂದಲೇ ಹೋಗಬೇಕು. ಏಳನೆಯದು ನಿಂತರೆ ಲ್ಯಾಬು ಅರ್ಧದಲ್ಲೇ ಕಡಿದುಹೋಗುತ್ತಿತ್ತು.

ಐದು ನಿಮಿಷಕ್ಕೆ ಇವರು ಬಂದರು. ಓಡಿ ಬಂದರು. ಇವರು ಓಡಿದ್ದನ್ನು ನಾನು ಅವತ್ತಿನ ತನಕ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಕೈಯಲ್ಲಿ ಒಂದು ಹಾಳೆ. ಹೊಸ ವಿಳಾಸದ ಡೇಟಾಬೇಸಿನ ಪೂರ್ಣ ಹಕ್ಕು ಕೋರಿ ನಾನು ಇವರಿಗೆ ಬರೆಯಬೇಕಾದ ಪತ್ರ. ನನ್ನ ಪರವಾಗಿ ತಾವೇ ಬರೆದು ತಂದಿದ್ದರು. "ಸಹಿ ಹಾಕು," ಅಂದರು. ಆಫೀಸಿನ ನೆಲದ ಮೇಲೆ ಇವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೊಂದೇ ಸಲ.

ಹಾಕಿದೆ. ಅಲ್ಲೇ ನಿಂತು ಫೋನಿನಲ್ಲಿ ತಮ್ಮವರಿಗೆ ಹೇಳಿ ಹಕ್ಕು ಕೊಡಿಸಿದರು. ಶುಕ್ರವಾರದ ಪ್ರತಿಯನ್ನು ಮತ್ತೆ ಮೊದಲಿನಿಂದ ಹೊಸ ಕ್ರಮಕ್ಕೆ ಬರೆಸಲು ಕೊಟ್ಟೆವು. ಶೇಕಡಾ ಎರಡು. ಶೇಕಡಾ ಐದು. ಕಾವಲುಗಾರರ ಕೋಣೆಯ ಟೇಬಲ್ ಫ್ಯಾನನ್ನು ತಂದು ಏಳನೆಯ ಯಂತ್ರದ ಎದುರು ಇಟ್ಟೆವು. ಹಿಂಬದಿಯ ಕವಚ ಬಿಚ್ಚಿದೆವು. ಇವರು ಎಲ್ಲಿಂದಲೋ ಒಂದು ದೊಡ್ಡ ರಟ್ಟು ಹುಡುಕಿ ತಂದು, ಮಂಡಿಯೂರಿ ಕುಳಿತು, ಮೂರು ಗಂಟೆ ಗಾಳಿ ಹಾಕಿದರು. ಕೈ ಬದಲಿಸುವುದು, ಗಾಳಿ ಹಾಕುವುದು. ನಾನು ಪರದೆ ನೋಡಿ ಅಂಕಿ ಹೇಳುವುದು. ಮೂರನೆಯ ಸಾಲಿನಲ್ಲಿ ಕುಳಿತಿರುವ ಲ್ಯಾಬಿನ ಹಿರಿಯ ತಂತ್ರಜ್ಞೆಯವರಿಗೆ ಇದೆಲ್ಲ ಇವತ್ತೇ ತಿಳಿಯುತ್ತಿರುವುದು. ಅವತ್ತು ಅವರು ಒಮ್ಮೆ ಫೋನ್ ಮಾಡಿ, ನಿಮ್ಮ ಕಡೆ ಟೀ ಬಂತಾ, ನಮ್ಮ ಕಡೆ ಇನ್ನೂ ಬಂದಿಲ್ಲ ಎಂದು ದೂರಿದರು. ಹನ್ನೆರಡೂಕಾಲಿಗೆ ಪರದೆ ಹಸಿರಾಯಿತು. ಲ್ಯಾಬನ್ನು ಏಳರಿಂದ ನಾಲ್ಕಕ್ಕೆ ಸರಿಸಿದೆ. ಇಪ್ಪತ್ತು ನಿಮಿಷದ ಮೇಲೆ ಏಳನೆಯದು ತಾನಾಗಿ ಆರಿಹೋಯಿತು. ಆರೂ ಶಸ್ತ್ರಚಿಕಿತ್ಸೆಗಳು ನಡೆದವು.

ರೋಗಿಗಳಿಗೆ ಏನೂ ಆಗಲಿಲ್ಲ. ಆದರೂ ವಿಚಾರಣೆ ಆಗಬೇಕಲ್ಲ? ಇಲ್ಲಿರುವ ಮುಖ್ಯ ಅತಿಥಿಗಳು, ಆಗಿನ ಆಡಳಿತಾಧಿಕಾರಿಗಳು, ಇಬ್ಬರಿಂದಲೂ ಲಿಖಿತ ಹೇಳಿಕೆ ಕೇಳಿದರು. ಒಬ್ಬರದನ್ನು ಇನ್ನೊಬ್ಬರು ನೋಡದೆ ಬರೆಯಬೇಕು. ಅವರವರ ಮೇಜಿನಲ್ಲಿ ಕುಳಿತು ಬರೆದೆವು. ತಿಂಗಳ ಕೊನೆಗೆ ಕುರ್ಚಿ ನನಗೆ ಬಂತು. ಇವರು ಕಟ್ಟಡ ನಿರ್ವಹಣೆಯವರಿಗೆ ಒಂದು ಪತ್ರ ಬರೆದರು. ಮುಖ್ಯಸ್ಥೆಯವರ ಹೆಸರಿನ ಫಲಕ ದೂರದಿಂದ ಓದಲಾಗದಷ್ಟು ಚಿಕ್ಕದಾಗಿದೆ, ಒಂದು ಅಂಗುಲ ದೊಡ್ಡದು ಮಾಡತಕ್ಕದ್ದು ಎಂದು. ಈಗ ಇರುವುದು ಆ ದೊಡ್ಡ ಫಲಕ.

ನನ್ನ ಹೇಳಿಕೆಯಲ್ಲಿ ನಾನು ಏನು ಬರೆದೆ ಎಂದು ಇದುವರೆಗೆ ಯಾರಿಗೂ ಹೇಳಿಲ್ಲ. ಈಗ ಓದುತ್ತೇನೆ. 'ಡೇಟಾಬೇಸಿನ ವಿಳಾಸ ಬದಲಾವಣೆಯನ್ನು ಆ ವಿಭಾಗವು ಸಕಾಲದಲ್ಲಿ ನನ್ನ ಗಮನಕ್ಕೆ ತಂದಿರುವುದಿಲ್ಲ. ಆದ್ದರಿಂದ ಲೋಪವು ಡೇಟಾಬೇಸ್ ವಿಭಾಗದ್ದಾಗಿರುತ್ತದೆ.' ಕೆಳಗೆ ನನ್ನ ಸಹಿ.

ಸಭಿಕರೇ, ಭಾನುವಾರ ಬೆಳಿಗ್ಗೆ ನಾನು ನೇರವಾಗಿ ಯಂತ್ರಕೋಣೆಗೆ ಹೋಗಲಿಲ್ಲ. ಕನ್ನಡಕ ಮರೆತಿದ್ದೆ, ಅದು ನನ್ನ ಮೇಜಿನ ಡ್ರಾಯರಿನಲ್ಲಿತ್ತು. ತೆಗೆದುಕೊಳ್ಳಲು ಹೋದೆ. ಟ್ರೇಯಲ್ಲಿ ಕಂದು ಲಕೋಟೆ ನೋಡಿದೆ. ಮೇಲಿದ್ದ ಅಕ್ಷರ ಯಾರದೆಂದು ದೂರದಿಂದಲೇ ಗೊತ್ತಾಯಿತು. ಇದು ಹತ್ತೊಂಬತ್ತನೆಯದು, ಇನ್ನೇನು ಷರತ್ತು ಹಾಕಿದ್ದಾರೋ, ಇವರ ಷರತ್ತು ಮುಗಿಯುವುದರೊಳಗೆ ನಾನು ನಿವೃತ್ತಳಾಗುತ್ತೇನೆ ಎಂದುಕೊಂಡು, ಕನ್ನಡಕ ಹಾಕಿಕೊಂಡು ಹೊರಟುಬಂದೆ. ಒಡೆಯಲಿಲ್ಲ. ಹೇಳಿಕೆ ಬರೆಯುವಾಗ ಇದು ನನಗೆ ಚೆನ್ನಾಗಿ ನೆನಪಿತ್ತು.

ಯಾಕೆ ಹಾಗೆ ಬರೆದೆ? ನನಗೆ ಆ ಕುರ್ಚಿ ಬೇಕಿತ್ತು. ಬೇರೆ ಕಾರಣ ಹುಡುಕುವುದಿಲ್ಲ. ಈ ಆಸ್ಪತ್ರೆಗೆ ಇವರಿಗಿಂತ ಎರಡು ವರ್ಷ ಮೊದಲು ಸೇರಿದವಳು ನಾನು. ನನ್ನ ತಂದೆ ಲಿಫ್ಟ್ ರಿಪೇರಿಯವರು, ಯಂತ್ರದ ಸದ್ದು ಕೇಳಿ ಕಾಯಿಲೆ ಹೇಳುವುದನ್ನು ಅವರಿಂದ ಕಲಿತು ಬಂದಿದ್ದೆ. ನೆಲಮಾಳಿಗೆಯ ಒಂದೊಂದು ತಂತಿಯನ್ನೂ ನನ್ನ ಕೈಯಾರೆ ಎಳೆದಿದ್ದೇನೆ. ಆದರೂ ಹದಿನೆಂಟು ವರ್ಷ, ಯಾರಿಗಾದರೂ ನನ್ನ ಪರಿಚಯ ಮಾಡಿಕೊಡುವಾಗ, 'ಇವರು ನಮ್ಮ ಡೇಟಾಬೇಸ್ ಸಾಹೇಬರ ಮನೆಯವರು' ಎನ್ನುತ್ತಿದ್ದರು. ಒಮ್ಮೆಯಾದರೂ ಇವರನ್ನು ನನ್ನ ಮನೆಯವರು ಎಂದು ಜನ ಕರೆಯಬೇಕು ಅನ್ನಿಸುತ್ತಿತ್ತು. ಆ ಆಸೆ ತಪ್ಪಲ್ಲ ಎಂದು ಇವತ್ತಿಗೂ ಹೇಳುತ್ತೇನೆ. ಅದಕ್ಕಾಗಿ ನಾನು ಬರೆದದ್ದು ತಪ್ಪು.

ಕಳೆದ ವಾರ ಇವರ ನಿವೃತ್ತಿಯ ಕಾಗದ ಸಿದ್ಧಮಾಡಲು ವಿಭಾಗದ ಮುಖ್ಯಸ್ಥೆಯಾಗಿ ಈ ಕಡತವನ್ನು ಮೊದಲ ಸಲ ತೆರೆದೆ. ನೂರ ಹನ್ನೆರಡನೆಯ ಪುಟದಲ್ಲಿ ನನ್ನ ಹೇಳಿಕೆ. ಅದರೊಂದಿಗೆ ಪಿನ್ನು ಚುಚ್ಚಿ ಇಟ್ಟ ಇವರ ಹೇಳಿಕೆ. ಅದನ್ನೂ ಓದುತ್ತೇನೆ. 'ಶನಿವಾರ ಸಂಜೆ ನಾಲ್ಕು ಗಂಟೆ ಕಾಲ ಅವರ ಎದುರಿಗೇ ಕುಳಿತಿದ್ದೆ. ವಿಳಾಸ ಬದಲಾಗಿದೆ ಎಂದು ಎರಡು ಮಾತು ಹೇಳಬಹುದಾಗಿತ್ತು. ಹೇಳಲಿಲ್ಲ. ಲೋಪ ನನ್ನದು.' ಅಷ್ಟೇ. ಪತ್ರದಣ್ಣ ಬರೆದ ಅತಿ ಚಿಕ್ಕ ಪತ್ರ ಅದು. ಕೆಳಗೆ ನಮ್ಮ ಮುಖ್ಯ ಅತಿಥಿಗಳ ಷರಾ. 'ಇಬ್ಬರ ಹೇಳಿಕೆಗಳೂ ಹೊಂದಿಕೆಯಾಗುತ್ತವೆ. ಹೆಚ್ಚಿನ ವಿಚಾರಣೆ ಅಗತ್ಯವಿಲ್ಲ.' ಸಾರ್, ತಾವು ತಲೆ ತಗ್ಗಿಸಬೇಡಿ. ತಮ್ಮ ಮುಂದೆ ಬಂದ ಕಾಗದ ನೋಡಿ ತಾವು ಬರೆದಿರಿ.

ಇಷ್ಟಾಗಿದ್ದರೆ ನಾನು ಮನೆಯಲ್ಲೇ ಇವರ ಹತ್ತಿರ ಕ್ಷಮೆ ಕೇಳಿ ಮುಗಿಸುತ್ತಿದ್ದೆನೋ ಏನೋ. ಆದರೆ ನನ್ನ ಹೇಳಿಕೆಯ ಅಂಚಿನಲ್ಲಿ ಇನ್ನೊಂದು ಸಹಿ ಇತ್ತು. ವಿಚಾರಣೆ ಮುಗಿದ ಮೇಲೆ ಆರೋಪಕ್ಕೆ ಒಳಗಾದವರಿಗೆ ಎದುರಿನವರ ಹೇಳಿಕೆ ತೋರಿಸಿ ಸಹಿ ಪಡೆಯಬೇಕೆಂಬ ನಿಯಮ ಇದೆಯಂತೆ. ನನಗೆ ಗೊತ್ತಿರಲಿಲ್ಲ. 'ಓದಿದ್ದೇನೆ' ಎಂದು ಇವರ ಅಕ್ಷರ, ಇವರ ಸಹಿ, ಆ ಸೋಮವಾರದ ನಂತರದ ಗುರುವಾರದ ತಾರೀಖು, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ.

ಅಂದರೆ ಇವರಿಗೆ ಹನ್ನೊಂದು ವರ್ಷದಿಂದ ಗೊತ್ತು.

ಆ ಗುರುವಾರ ಸಂಜೆ ಇವರು ಮನೆಗೆ ಬಂದು ಏನು ಮಾಡಿದರು ಎಂದು ನೆನಪಿಸಿಕೊಳ್ಳಲು ಒಂದು ವಾರದಿಂದ ಒದ್ದಾಡುತ್ತಿದ್ದೇನೆ. ಮುಖ ಗಂಟಿಕ್ಕಿದ್ದರೇ? ಊಟ ಬಿಟ್ಟರೇ? ಮಗಳ ಮೇಲೆ ರೇಗಿದರೇ? ಏನೂ ನೆನಪಾಗುವುದಿಲ್ಲ. ನೆನಪಿಟ್ಟುಕೊಳ್ಳುವಂಥದ್ದು ಅವತ್ತು ಏನೂ ನಡೆದಿಲ್ಲ. ಎಂದಿನಂತೆ ಬಂದಿರಬೇಕು, ಕೈಕಾಲು ತೊಳೆದಿರಬೇಕು, ತಾಯಿಗೆ ಔಷಧ ಕೊಟ್ಟಿರಬೇಕು, ನನ್ನನ್ನು ಊಟ ಆಯಿತಾ ಎಂದು ಕೇಳಿರಬೇಕು. ಆಮೇಲೆ ಹನ್ನೊಂದು ವರ್ಷ ನನ್ನ ಕೈಕೆಳಗೆ ಕೆಲಸ ಮಾಡಿ, ನನಗೆ ಮಾನ್ಯರೇ ಎಂದು ಪತ್ರ ಬರೆದರು. ಒಂದು ಸಲವೂ ಅದರಲ್ಲಿ ಕುಟುಕು ಇರಲಿಲ್ಲ. ಒಂದು ವಾರದಿಂದ ನನಗೆ ನಿದ್ದೆ ಇಲ್ಲ, ನಾಚಿಕೆಯಾಗುತ್ತಿದೆ. ಇಂಥವರ ಜೊತೆ ಮೂವತ್ತೊಂದು ವರ್ಷ ಬದುಕಿದೆನಲ್ಲ ಎಂದು ಸಂತೋಷವೂ ಆಗುತ್ತಿದೆ. ಎರಡೂ ಒಟ್ಟಿಗೆ ಆಗುತ್ತಿದೆ. ಅತ್ತೆಯವರೇ, ತಮಗೆ ಕೇಳಿಸುತ್ತಿಲ್ಲ ಎಂದು ಗೊತ್ತು, ಮಗಳು ಮನೆಗೆ ಹೋದ ಮೇಲೆ ಹೇಳುತ್ತಾಳೆ.

ಈ ಹಾಳೆ ಅದೇ. ನೂರ ಹನ್ನೆರಡನೆಯ ಪುಟದ ಹಿಂದೆ ಸೇರಬೇಕಾದದ್ದು. ಲಕೋಟೆ ನೋಡಿದ್ದೆ, ಒಡೆಯಲಿಲ್ಲ, ನನ್ನ ಹಿಂದಿನ ಹೇಳಿಕೆ ಸತ್ಯವಲ್ಲ, ಲೋಪವು ಸಂಪೂರ್ಣವಾಗಿ ನನ್ನದು ಎಂದು ಬರೆದು ಸಹಿ ಮಾಡಿದ್ದೇನೆ. ಇದನ್ನು ಇವರು ಓದಿ ಸಹಿ ಹಾಕಬೇಕು. ನಿರ್ದೇಶಕರು ಇದರ ಮೇಲೆ ಏನು ಕ್ರಮ ಕೈಗೊಂಡರೂ ಒಪ್ಪುತ್ತೇನೆ. ಆದರೆ ಇವರು ಈ ಕಟ್ಟಡದಿಂದ ಹೊರಹೋಗುವಾಗ ಇವರ ಕಡತದಲ್ಲಿ ನನ್ನ ಸುಳ್ಳು ಉಳಿಯಬಾರದು. ದಯವಿಟ್ಟು ವೇದಿಕೆಯ ಮುಂದಕ್ಕೆ ಬನ್ನಿ. ಹೂಗುಚ್ಛವನ್ನು ಮಗಳ ಕೈಗೆ ಕೊಡಿ. ಇಲ್ಲಿ ಪೆನ್ನಿದೆ.

ಓದುತ್ತಿದ್ದಾರೆ. ಓದದೆ ಸಹಿ ಹಾಕುವವರಲ್ಲ, ಅವಸರ ಮಾಡಿ ಪ್ರಯೋಜನವಿಲ್ಲ. ಅಷ್ಟರಲ್ಲಿ ನಾನು ವಂದನೆಗಳನ್ನು ಹೇಳಿ ಮುಗಿಸುತ್ತೇನೆ. ಭಾಷಣ ಇಷ್ಟು ಉದ್ದವಾದರೂ ಗಂಟೆ ಬಾರಿಸದ ಅಧ್ಯಕ್ಷರಿಗೆ ವಂದನೆಗಳು. ಮುಖ್ಯ ಅತಿಥಿಗಳಿಗೆ ವಂದನೆಗಳು. ಅವತ್ತು ಏನೂ ತಿಳಿಯದೆ ಆರು ರೋಗಿಗಳ ವರದಿ ಹೊತ್ತಿಗೆ ಸರಿಯಾಗಿ ಕಳಿಸಿದ ಲ್ಯಾಬಿನವರಿಗೆ, ಟೇಬಲ್ ಫ್ಯಾನು ಕೊಟ್ಟು ಇಡೀ ಬೆಳಗು ಸೆಕೆಯಲ್ಲಿ ಕುಳಿತ ಕಾವಲುಗಾರರಿಗೆ, ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರಿಗೆ ವಂದನೆಗಳು.

ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ. ಮತ್ತೆ ಮೊದಲಿನಿಂದ ಓದುತ್ತಿದ್ದಾರೆ.

ಏನನ್ನೋ ಹೊಡೆದು ಹಾಕಿದರು. ಕೊಡಿ, ನೋಡುತ್ತೇನೆ. ಸಭಿಕರೇ, 'ಸಂಪೂರ್ಣವಾಗಿ' ಎಂಬ ಪದಕ್ಕೆ ಗೆರೆ ಎಳೆದಿದ್ದಾರೆ. ತಿದ್ದಿದ ಕಡೆ ಅಂಚಿನಲ್ಲಿ ಚಿಕ್ಕ ಸಹಿ ಹಾಕಿದ್ದಾರೆ, ನಿಯಮದಂತೆ. ಕೆಳಗೆ ಬರೆದಿದ್ದಾರೆ, 'ಓದಿದ್ದೇನೆ. ಶನಿವಾರ ನಾನೂ ಇದ್ದೆ.' ತಾರೀಖು ಹಾಕಿದ್ದಾರೆ. ಐದು ಗಂಟೆ ಹನ್ನೆರಡು ನಿಮಿಷ.

ವಿಭಾಗದ ಮುಖ್ಯಸ್ಥೆಯಾಗಿ ಈ ತಿದ್ದುಪಡಿಯನ್ನು ಅಂಗೀಕರಿಸಿದ್ದೇನೆ. ಎಲ್ಲರಿಗೂ ನಮಸ್ಕಾರ.